ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸೀಗಡಿ ಪಾಲನೆ – ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅಲಂಕಾರಿಕ ಮೀನು ಸಾಕಣೆಯು ನಗರ ಹಾಗೂ ಪಟ್ಟಣ ಪ್ರದೇಶಗಳಲ್ಲಿ ಜನಪ್ರಿಯ ಹವ್ಯಾಸವಾಗಿದೆ. ಸಿಹಿನೀರಿನ ಮೀನುಗಳನ್ನು ಕೆಲವು ವರ್ಷ ಸಾಕಿದವರಲ್ಲಿ ಹಲವರು ಮುಂದಿನ ಹಂತವಾಗಿ ಸಮುದ್ರದ ಮೀನು ಮತ್ತು ಸೀಗಡಿಗಳನ್ನು ಸಾಕಲು ಆಸಕ್ತಿ ತೋರುತ್ತಾರೆ. ಉಪ್ಪುನೀರಿನ ತೊಟ್ಟಿಯಲ್ಲಿ ತಪ್ಪು ನಡೆದಾಗ ಮೊದಲು ಸಾಯುವ ಜೀವಿಗಳಲ್ಲಿ ಸೀಗಡಿ ಒಂದು. ಅದರ ಸಾವಿಗೆ ಬಹುಪಾಲು ಸಂದರ್ಭಗಳಲ್ಲಿ ರೋಗವು ಕಾರಣವಲ್ಲ. ನೀರಿನ ಲವಣಾಂಶದ ಏರಿಳಿತ, ತಾಮ್ರದ ಅಂಶ, ಅಮೋನಿಯಾ ಮತ್ತು ಸಾಕುವವರ ಆತುರ ಇವೇ ಮುಖ್ಯ ಕಾರಣಗಳು.

ತುಮಕೂರು ಜಿಲ್ಲೆಗೆ ಕಡಲ ತೀರವಿಲ್ಲ. ಮಂಗಳೂರಿನ ಕರಾವಳಿಯು ರಸ್ತೆ ಮಾರ್ಗದಲ್ಲಿ ಸುಮಾರು 300 ಕಿ.ಮೀ. ದೂರದಲ್ಲಿದೆ. ಆದುದರಿಂದ ಇಲ್ಲಿ ಸಮುದ್ರದ ಸೀಗಡಿಯನ್ನು ಸಾಕುವವರು ಸಮುದ್ರದ ನೀರನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬೇಕಾಗುತ್ತದೆ. ನೀರು ಸರಿಯಾಗಿದ್ದು ಸ್ಥಿರವಾಗಿದ್ದಲ್ಲಿ ಸೀಗಡಿ ಉಳಿಯುತ್ತದೆ. ಈ ಮಾಹಿತಿಯನ್ನು ತೊಟ್ಟಿ ಖರೀದಿಸುವ ಮುನ್ನವೇ ಓದಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.

2. ಯಾವ ಸೀಗಡಿ?

ಸೀಗಡಿ ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಜೀವಿಗಳು ಸ್ವಭಾವದಲ್ಲಿ ಬೇರೆ ಬೇರೆಯಾಗಿರುತ್ತವೆ.

ಅ) ಸಿಹಿನೀರಿನ ಸೀಗಡಿ: ಜಿಲ್ಲೆಯ ಕೆರೆ ಕಾಲುವೆಗಳಲ್ಲಿ ದೊರೆಯುವಂತಹವು. ಇವುಗಳನ್ನು ಸಮುದ್ರದ ಲವಣಾಂಶವಿರುವ ತೊಟ್ಟಿಗೆ ಬಿಡುವಂತಿಲ್ಲ.

ಆ) ಹಿನ್ನೀರಿನ ಸೀಗಡಿ: ಉತ್ತರ ಕನ್ನಡ ಜಿಲ್ಲೆಯ ಗಜನಿ ಭೂಮಿ ಹಾಗೂ ಇತರ ಕರಾವಳಿ ಪ್ರದೇಶಗಳಲ್ಲಿ ಆಹಾರಕ್ಕಾಗಿ ಬೆಳೆಸುವ ಹುಲಿ ಸೀಗಡಿ ಮುಂತಾದವು. ಇವು ಲವಣಾಂಶದ ವ್ಯತ್ಯಾಸವನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಆದರೆ ಇವು ಮನೆಯ ಅಕ್ವೇರಿಯಂಗೆ ಸೂಕ್ತವಾದ ತಳಿಗಳಲ್ಲ.

ಇ) ಹವಳದ ದಿಬ್ಬದ ಸೀಗಡಿ: ಅಲಂಕಾರಿಕವಾಗಿ ಮಾರಾಟವಾಗುವ ಸಮುದ್ರ ಸೀಗಡಿಗಳು ಹೆಚ್ಚಾಗಿ ಈ ವರ್ಗದವು. ಹವಳದ ದಿಬ್ಬಗಳಲ್ಲಿ ನೀರಿನ ಲವಣಾಂಶ ಮತ್ತು ಉಷ್ಣಾಂಶ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಅಲ್ಲಿಂದ ಬಂದ ಸೀಗಡಿಯು ಹಠಾತ್ ಬದಲಾವಣೆಯನ್ನು ತಾಳಲಾರದು.

ಮೂರನೆಯ ವರ್ಗದಲ್ಲಿ ಮಾರುಕಟ್ಟೆಯಲ್ಲಿ ಕಂಡುಬರುವ ಮುಖ್ಯ ತಳಿಗಳು ಹೀಗಿವೆ.

ಕ್ಲೀನರ್ ಸೀಗಡಿ (ಲೈಸ್ಮಾಟಾ ಅಂಬೋಯ್ನೆನ್ಸಿಸ್): ಬೆನ್ನಿನ ಮೇಲೆ ಕೆಂಪು ಪಟ್ಟಿಯ ನಡುವೆ ಬಿಳಿ ಗೆರೆ ಇರುತ್ತದೆ. ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಮತ್ತು ಸತ್ತ ಚರ್ಮವನ್ನು ತಿನ್ನುತ್ತದೆ. ಶಾಂತ ಸ್ವಭಾವದ್ದಾಗಿದ್ದು, ಎರಡನ್ನು ಒಟ್ಟಿಗೆ ಇಡಬಹುದು. ಹೊಸದಾಗಿ ಆರಂಭಿಸುವವರಿಗೆ ಇದು ಸೂಕ್ತ.

ಬೆಂಕಿ ಸೀಗಡಿ (ಲೈಸ್ಮಾಟಾ ಡೆಬೆಲಿಯಸ್): ಕಡುಗೆಂಪು ಬಣ್ಣದ್ದು. ನಾಚಿಕೆ ಸ್ವಭಾವದ್ದಾಗಿದ್ದು ಹಗಲಿನಲ್ಲಿ ಅಡಗಿರುತ್ತದೆ. ಅಡಗುದಾಣ ಅತ್ಯಗತ್ಯ.

ಬಾಕ್ಸರ್ ಸೀಗಡಿ (ಸ್ಟೆನೋಪಸ್ ಹಿಸ್ಪಿಡಸ್): ಕೆಂಪು ಬಿಳಿ ಪಟ್ಟೆಗಳು ಮತ್ತು ಉದ್ದನೆಯ ಚಿಮುಟಗಳನ್ನು ಹೊಂದಿರುತ್ತದೆ. ತನ್ನದೇ ಜಾತಿಯವುಗಳೊಂದಿಗೂ ಇತರ ಸೀಗಡಿಗಳೊಂದಿಗೂ ಕಾದಾಡುತ್ತದೆ. ಒಂದು ತೊಟ್ಟಿಗೆ ಒಂದು ಅಥವಾ ಹೊಂದಿಕೊಂಡ ಒಂದು ಜೊತೆ ಮಾತ್ರ.

ಹಾರ್ಲೆಕ್ವಿನ್ ಸೀಗಡಿ: ಇದು ನಕ್ಷತ್ರ ಮೀನನ್ನು ಮಾತ್ರ ತಿಂದು ಬದುಕುತ್ತದೆ. ಮನೆಯಲ್ಲಿ ಆಹಾರ ಒದಗಿಸುವುದು ಕಷ್ಟವಾದುದರಿಂದ ಖರೀದಿಸದಿರುವುದು ಒಳಿತು.

3. ನೀರಿನ ಮೂಲ

3.1 ನಲ್ಲಿ ನೀರು: ತುಮಕೂರು ನಗರಕ್ಕೆ ಬುಗುಡನಹಳ್ಳಿ ಜಲಾಶಯದಿಂದ ಹೇಮಾವತಿ ನೀರು ಶುದ್ಧೀಕರಣಗೊಂಡು ಸರಬರಾಜಾಗುತ್ತದೆ. ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಮನುಷ್ಯರಿಗೆ ರಕ್ಷಣೆ ನೀಡಿದರೂ ಸೀಗಡಿಗೆ ಮಾರಕ. ನಲ್ಲಿ ನೀರನ್ನು ನೇರವಾಗಿ ಬಳಸತಕ್ಕದ್ದಲ್ಲ.

3.2 ಕೊಳವೆ ಬಾವಿ ನೀರು: ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಕೃಷಿ ಪ್ರದೇಶದ ನೀರಿನಲ್ಲಿ ನೈಟ್ರೇಟ್ ಸಹ ಇರುವ ಸಾಧ್ಯತೆಯಿದೆ. ಇದರಲ್ಲಿ ಈಗಾಗಲೇ ಕರಗಿರುವ ಲವಣಗಳ ಮೇಲೆ ಸಮುದ್ರ ಉಪ್ಪನ್ನು ಬೆರೆಸಿದಾಗ ಲವಣಗಳ ಪ್ರಮಾಣ ಕೆಡುತ್ತದೆ.

3.3 ಆರ್.ಒ. ನೀರು: ಸಮುದ್ರ ನೀರು ತಯಾರಿಸಲು ಇದೇ ಸೂಕ್ತ. ಟಿ.ಡಿ.ಎಸ್. ಮೀಟರಿನಲ್ಲಿ ಪರೀಕ್ಷಿಸಿದಾಗ ಅಳತೆಯು ಸೊನ್ನೆಗೆ ಸಮೀಪವಿರಬೇಕು, 10ನ್ನು ಮೀರಬಾರದು. ಹಳ್ಳಿ ಮತ್ತು ಪಟ್ಟಣಗಳ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಗೂ ಮನೆಯ ಸಾಧಾರಣ ಆರ್.ಒ. ಯಂತ್ರದ ನೀರು ಕುಡಿಯಲು ಯೋಗ್ಯವಾಗಿದ್ದರೂ, ರುಚಿಗಾಗಿ ಅದರಲ್ಲಿ ಸ್ವಲ್ಪ ಲವಣವನ್ನು ಉಳಿಸಿರಲಾಗುತ್ತದೆ. ಆದುದರಿಂದ ಪ್ರತಿ ಸಲವೂ ಮೀಟರಿನಿಂದ ಅಳೆದ ನಂತರವೇ ಬಳಸತಕ್ಕದ್ದು. ಅಳತೆ ಹೆಚ್ಚಿದ್ದಲ್ಲಿ ಆರ್.ಒ. ಯಂತ್ರದ ನಂತರ ಡಿ.ಐ. ರಾಳದ ಫಿಲ್ಟರ್ ಅಳವಡಿಸಬಹುದು.

3.4 ಕಡಲಿನಿಂದ ತಂದ ನೀರು: ಕುಣಿಗಲ್ ಮಾರ್ಗವಾಗಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಮಂಗಳೂರನ್ನು ತಲುಪುವುದರಿಂದ, ಪ್ರವಾಸಕ್ಕೆ ಹೋದವರು ಕ್ಯಾನುಗಳಲ್ಲಿ ಸಮುದ್ರದ ನೀರನ್ನು ತುಂಬಿ ತರುವ ಯೋಚನೆ ಮಾಡಬಹುದು. ದಡದ ಸಮೀಪದ ನೀರಿನಲ್ಲಿ ಮಾಲಿನ್ಯ ಇರಬಹುದು. ಮಳೆಗಾಲದಲ್ಲಿ ನದಿಗಳ ನೀರು ಸೇರಿ ಅದರ ಲವಣಾಂಶ ಇಳಿಯುತ್ತದೆ. ಮುಚ್ಚಿದ ಕ್ಯಾನಿನಲ್ಲಿ ಸೂಕ್ಷ್ಮ ಜೀವಿಗಳು ಸತ್ತು ನೀರು ಕೆಡುತ್ತದೆ. ಈ ಕಾರಣಗಳಿಂದ ಇದನ್ನು ಶಿಫಾರಸು ಮಾಡಲಾಗುವುದಿಲ್ಲ.

4. ಸಮುದ್ರ ನೀರಿನ ತಯಾರಿಕೆ

ಸಮುದ್ರದ ನೀರಿನಲ್ಲಿ ಪ್ರತಿ ಕಿಲೋಗ್ರಾಂಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಇದರಲ್ಲಿ ಅಡುಗೆ ಉಪ್ಪಿನ ಅಂಶಗಳಾದ ಸೋಡಿಯಂ ಮತ್ತು ಕ್ಲೋರೈಡ್ ಅಲ್ಲದೆ ಸಲ್ಫೇಟ್ ಸುಮಾರು 2.7 ಗ್ರಾಂ, ಮೆಗ್ನೀಷಿಯಂ 1.3 ಗ್ರಾಂ, ಕ್ಯಾಲ್ಸಿಯಂ 0.4 ಗ್ರಾಂ ಮತ್ತು ಪೊಟ್ಯಾಷಿಯಂ 0.4 ಗ್ರಾಂ ಇರುತ್ತವೆ. ಚಿಪ್ಪು ಕಟ್ಟಿಕೊಳ್ಳಲು ಸೀಗಡಿಗೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಬೇಕು. ಅಡುಗೆ ಉಪ್ಪು, ಅಯೋಡಿನ್ ಉಪ್ಪು, ಕಲ್ಲುಪ್ಪು ಇವುಗಳಿಂದ ಈ ಅಗತ್ಯ ಪೂರೈಸುವುದಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಸಂಯುಕ್ತ ಸಮುದ್ರ ಉಪ್ಪನ್ನೇ ಬಳಸಬೇಕು.

ವಿಧಾನ:
(1) ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಆರ್.ಒ. ನೀರನ್ನು ತುಂಬಿ, ಸಣ್ಣ ಪಂಪಿನಿಂದ ನೀರು ಸುತ್ತುವಂತೆ ಮಾಡಬೇಕು.
(2) ಪ್ರತಿ 10 ಲೀಟರಿಗೆ ಸುಮಾರು 350ರಿಂದ 380 ಗ್ರಾಂ ಉಪ್ಪನ್ನು ನಿಧಾನವಾಗಿ ಸೇರಿಸಬೇಕು. ಉಪ್ಪನ್ನು ನೀರಿಗೆ ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಸುರಿಯಬಾರದು.
(3) ಒಂದು ದಿನ ಸುತ್ತಲು ಬಿಟ್ಟು ರಿಫ್ರ್ಯಾಕ್ಟೋಮೀಟರಿನಿಂದ ಅಳೆಯಬೇಕು. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿ, ಅಂದರೆ ಲವಣಾಂಶ ಸಾವಿರಕ್ಕೆ 34–35 ಭಾಗ ಇರಬೇಕು.
(4) ಸೀಗಡಿ ಇರುವ ತೊಟ್ಟಿಯೊಳಗೆ ಉಪ್ಪನ್ನು ನೇರವಾಗಿ ಎಂದಿಗೂ ಹಾಕಬಾರದು.

5. ಆವಿಯಾಗುವ ನೀರಿನ ಲೆಕ್ಕ

ಹೆಚ್ಚಿನ ತೊಟ್ಟಿಗಳು ಕೆಡುವುದು ಈ ಹಂತದಲ್ಲಿಯೇ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಒಣ ಹವೆಯಲ್ಲಿ 100 ಲೀಟರಿನ ತೆರೆದ ತೊಟ್ಟಿಯಿಂದ ದಿನಕ್ಕೆ 1ರಿಂದ 2 ಲೀಟರ್ ನೀರು ಹೋಗಬಹುದು.

ಉದಾಹರಣೆ: ಸಾವಿರಕ್ಕೆ 35 ಭಾಗ ಲವಣಾಂಶವಿರುವ 100 ಲೀಟರ್ ತೊಟ್ಟಿಯಲ್ಲಿ ಸುಮಾರು 3,500 ಗ್ರಾಂ ಉಪ್ಪು ಇರುತ್ತದೆ. ಒಂದು ವಾರದಲ್ಲಿ 10 ಲೀಟರ್ ಆವಿಯಾದರೆ ಅದೇ ಉಪ್ಪು 90 ಲೀಟರಿನಲ್ಲಿ ಉಳಿದು ಲವಣಾಂಶ 38.9ಕ್ಕೆ ಏರುತ್ತದೆ. ಕಡಿಮೆಯಾದ 10 ಲೀಟರನ್ನು ಉಪ್ಪುನೀರಿನಿಂದ ತುಂಬಿದರೆ ಒಟ್ಟು ಉಪ್ಪು 3,850 ಗ್ರಾಂ ಆಗಿ ಲವಣಾಂಶ 38.5ರಲ್ಲಿಯೇ ನಿಲ್ಲುತ್ತದೆ ಮತ್ತು ಪ್ರತಿ ವಾರ ಮೇಲೇರುತ್ತಲೇ ಹೋಗುತ್ತದೆ. ಶುದ್ಧ ಆರ್.ಒ. ನೀರಿನಿಂದ ತುಂಬಿದರೆ ಮಾತ್ರ 35ಕ್ಕೆ ಮರಳುತ್ತದೆ.

ಆದರೆ ವಾರಕ್ಕೊಮ್ಮೆ 10 ಲೀಟರ್ ಸಿಹಿನೀರನ್ನು ಒಮ್ಮೆಲೇ ಸುರಿಯುವುದೂ ಸೀಗಡಿಗೆ ಆಘಾತವೇ. ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟವನ್ನು ಗುರುತು ಮಾಡಿಕೊಂಡು, ಪ್ರತಿದಿನ ಕಡಿಮೆಯಾದಷ್ಟು ಶುದ್ಧ ನೀರನ್ನು ನಿಧಾನವಾಗಿ ಸೇರಿಸಬೇಕು. ಸ್ಮರಣೆಗಾಗಿ: ಆವಿಯಾದ ನೀರಿಗೆ ಸಿಹಿನೀರು, ಹೊರತೆಗೆದ ನೀರಿಗೆ ಉಪ್ಪುನೀರು.

6. ತೊಟ್ಟಿಯನ್ನು ಸಿದ್ಧಗೊಳಿಸುವುದು

ತೊಟ್ಟಿ ಚಿಕ್ಕದಾದಷ್ಟೂ ನೀರಿನ ಏರಿಳಿತ ಹೆಚ್ಚು. ಕನಿಷ್ಠ 100 ಲೀಟರಿನ ತೊಟ್ಟಿ ಸೂಕ್ತ. ನೀರು, ಮರಳು, ಕಲ್ಲು ಸೇರಿ ಇದರ ತೂಕ 125 ಕಿ.ಗ್ರಾಂ. ಮೀರಬಹುದಾದುದರಿಂದ ಗಟ್ಟಿಯಾದ ಸ್ಟ್ಯಾಂಡ್ ಅವಶ್ಯ. ಕಿಟಕಿಯ ಬಿಸಿಲು ಬೀಳದ, ಅಡುಗೆ ಮನೆಯಿಂದ ದೂರವಿರುವ ಸ್ಥಳವನ್ನು ಆರಿಸಬೇಕು.

ಜೀವಿಗಳ ತ್ಯಾಜ್ಯ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆ ಅದನ್ನು ಕಡಿಮೆ ವಿಷಕಾರಿಯಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಕಲ್ಲು ಮತ್ತು ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಖಾಲಿ ತೊಟ್ಟಿಗೆ ಸ್ವಲ್ಪ ಮೀನಿನ ಆಹಾರ ಹಾಕಿ ಫಿಲ್ಟರನ್ನು ನಿರಂತರ ನಡೆಸುತ್ತಾ ಪರೀಕ್ಷಾ ಕಿಟ್‌ನಿಂದ ಅಳೆಯುತ್ತಿರಬೇಕು. ಅಮೋನಿಯಾ ಮತ್ತು ನೈಟ್ರೈಟ್ ಏರಿ, ಇಳಿದು, ಎರಡೂ ಸೊನ್ನೆಗೆ ಬಂದ ನಂತರ ಮೊದಲು ಒಂದೆರಡು ಸಣ್ಣ ಮೀನು, ಮತ್ತೆ ಕೆಲವು ವಾರಗಳ ಬಳಿಕ ಸೀಗಡಿ ಬಿಡಬಹುದು.

ಇರಬೇಕಾದ ಅಳತೆಗಳು:
ಲವಣಾಂಶ – ಸಾವಿರಕ್ಕೆ 34–35 ಭಾಗ
ಉಷ್ಣಾಂಶ – 24ರಿಂದ 27 ಡಿಗ್ರಿ ಸೆಲ್ಸಿಯಸ್
ಪಿ.ಎಚ್. – 8.1ರಿಂದ 8.4
ಅಮೋನಿಯಾ, ನೈಟ್ರೈಟ್ – ಸೊನ್ನೆ
ನೈಟ್ರೇಟ್ – ಲೀಟರಿಗೆ 20 ಮಿಲಿಗ್ರಾಂ ಒಳಗೆ
ಕ್ಯಾಲ್ಸಿಯಂ – ಲೀಟರಿಗೆ 400ರಿಂದ 450 ಮಿಲಿಗ್ರಾಂ

7. ತಾಮ್ರ ಮತ್ತು ಕೀಟನಾಶಕ: ವಿಶೇಷ ಎಚ್ಚರಿಕೆ

ಸೀಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ವಸ್ತುವಿನಲ್ಲಿಯೇ ತಾಮ್ರವಿದೆ. ಆದರೂ ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದಕ್ಕೆ ವಿಷ. ಈ ಭಾಗದ ಮನೆಗಳಲ್ಲಿ ಕೆಳಕಂಡ ಮೂಲಗಳ ಬಗ್ಗೆ ಗಮನವಿರಲಿ.

– ಅಡಿಕೆ ಮತ್ತು ವೀಳ್ಯದೆಲೆ ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸಲಾಗುತ್ತದೆ. ಮೈಲುತುತ್ತವು ತಾಮ್ರದ ಲವಣ. ಈ ದ್ರಾವಣ ಬೆರೆಸಿದ ಡ್ರಮ್, ಬಕೆಟ್, ಕೋಲು, ಪಂಪುಗಳನ್ನು ಎಷ್ಟೇ ತೊಳೆದರೂ ಅಕ್ವೇರಿಯಂಗೆ ಬಳಸತಕ್ಕದ್ದಲ್ಲ.
– ತಾಮ್ರದ ಬಿಂದಿಗೆ, ಹಂಡೆ, ಕೊಳಗಗಳಲ್ಲಿ ಸಂಗ್ರಹಿಸಿದ ನೀರು ಕೂಡದು.
– ಮೀನುಗಳ ಬಿಳಿ ಚುಕ್ಕೆ ರೋಗಕ್ಕೆ ನೀಡುವ ಹಲವು ಔಷಧಗಳಲ್ಲಿ ತಾಮ್ರವಿರುತ್ತದೆ. ಮೀನಿಗೆ ಚಿಕಿತ್ಸೆ ಬೇಕಾದಲ್ಲಿ ಅದನ್ನು ಬೇರೆ ತೊಟ್ಟಿಗೆ ವರ್ಗಾಯಿಸಿಯೇ ಔಷಧ ನೀಡಬೇಕು. ಹಿಂದೆ ತಾಮ್ರದ ಔಷಧ ಹಾಕಿದ ಹಳೆಯ ತೊಟ್ಟಿ, ಮರಳು, ಕಲ್ಲುಗಳನ್ನು ಸೀಗಡಿಗೆ ಬಳಸಬಾರದು.
– ಸೊಳ್ಳೆ ನಿವಾರಕ ದ್ರಾವಣ, ಬತ್ತಿ ಹಾಗೂ ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳು ಸೀಗಡಿ ಜಾತಿಗೆ ಅತ್ಯಂತ ವಿಷಕಾರಿ. ತೊಟ್ಟಿ ಇರುವ ಕೋಣೆಯಲ್ಲಿ ಇವನ್ನು ಬಳಸದೆ ಸೊಳ್ಳೆ ಪರದೆ ಉಪಯೋಗಿಸುವುದು ಕ್ಷೇಮ.

8. ಖರೀದಿ, ಸಾಗಣೆ ಮತ್ತು ಹೊಂದಾಣಿಕೆ

ಖರೀದಿಯ ಸಮಯದಲ್ಲಿ ಸೀಗಡಿಯ ಮೀಸೆಗಳು ಪೂರ್ಣವಾಗಿವೆಯೇ, ಆಹಾರ ಹಾಕಿದಾಗ ಮುಂದೆ ಬರುತ್ತದೆಯೇ ಎಂದು ನೋಡಬೇಕು. ಅಂಗಡಿಯ ತೊಟ್ಟಿಯ ಲವಣಾಂಶವನ್ನು ಕೇಳಿ ಬರೆದುಕೊಳ್ಳಬೇಕು ಮತ್ತು ರಸೀದಿ ಪಡೆಯಬೇಕು. ಬೆಂಗಳೂರಿನಿಂದ ತರುವವರು ಚೀಲವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಬೇಸಿಗೆಯಲ್ಲಿ ಬೆಳಗಿನ ಅಥವಾ ಸಂಜೆಯ ವೇಳೆ ಪ್ರಯಾಣಿಸುವುದು ಸೂಕ್ತ.

ಮನೆಗೆ ತಂದ ಸೀಗಡಿಯನ್ನು ಹನಿ ಪದ್ಧತಿಯಿಂದ ಹೊಂದಿಸಬೇಕು. ಚೀಲವನ್ನು 15 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ನಂತರ ಸೀಗಡಿಯನ್ನು ಅದೇ ನೀರಿನೊಂದಿಗೆ ಸ್ವಚ್ಛ ಪಾತ್ರೆಗೆ ಹಾಕಬೇಕು. ಸಣ್ಣ ಕೊಳವೆ ಮತ್ತು ಕವಾಟದ ಮೂಲಕ ತೊಟ್ಟಿಯ ನೀರು ಸೆಕೆಂಡಿಗೆ 2–3 ಹನಿಯಂತೆ ಬೀಳುವ ಹಾಗೆ ಮಾಡಬೇಕು. ಹನಿ ನೀರಾವರಿಯ ಹೊಸ ಸಣ್ಣ ಕೊಳವೆ ಇದಕ್ಕೆ ಸಾಕು; ಗೊಬ್ಬರ ಹರಿದ ಹಳೆಯ ಕೊಳವೆ ಬೇಡ. ಒಂದೂವರೆ ಗಂಟೆಯಲ್ಲಿ ಎರಡೂ ನೀರಿನ ಲವಣಾಂಶ ಸಮವಾಗಿದೆಯೇ ಎಂದು ಅಳೆದು, ಸೀಗಡಿಯನ್ನು ಮಾತ್ರ ತೊಟ್ಟಿಗೆ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಆ ದಿನ ದೀಪ ಹಚ್ಚಬಾರದು.

9. ದಿನನಿತ್ಯದ ಪಾಲನೆ

ಪ್ರತಿದಿನ: ಉಷ್ಣಾಂಶ ನೋಡುವುದು, ಆವಿಯಾದಷ್ಟು ಶುದ್ಧ ನೀರು ಸೇರಿಸುವುದು, ಸೀಗಡಿಗಳನ್ನು ಎಣಿಸುವುದು.
ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ: ಸ್ವಲ್ಪ ಆಹಾರ. ಒಂದೆರಡು ಗಂಟೆಯಲ್ಲಿ ತಿನ್ನದೆ ಉಳಿದುದನ್ನು ತೆಗೆಯುವುದು.
ವಾರಕ್ಕೊಮ್ಮೆ: ಶೇ. 10ರಷ್ಟು ನೀರು ಬದಲಾವಣೆ. ಹೊಸ ನೀರಿನ ಲವಣಾಂಶ ಮತ್ತು ಉಷ್ಣಾಂಶ ತೊಟ್ಟಿಗೆ ಸಮವಾಗಿರಬೇಕು.
ತಿಂಗಳಿಗೊಮ್ಮೆ: ರಿಫ್ರ್ಯಾಕ್ಟೋಮೀಟರಿನ ಅಳತೆಯನ್ನು ನಿಗದಿತ ದ್ರಾವಣದಿಂದ ಸರಿಪಡಿಸಿಕೊಳ್ಳುವುದು, ಪಂಪ್ ಶುಚಿ ಮಾಡುವುದು.

ಮಾರುಕಟ್ಟೆಯಿಂದ ತಂದ ಹಸಿ ಸೀಗಡಿಯನ್ನು ಸಾಕಿದ ಸೀಗಡಿಗೆ ತಿನ್ನಿಸಬಾರದು. ಸೀಗಡಿ ಕೃಷಿಗೆ ಅಪಾರ ನಷ್ಟ ಉಂಟುಮಾಡಿರುವ ಬಿಳಿ ಚುಕ್ಕೆ ವೈರಾಣು ಹಸಿ ಹಾಗೂ ಶೀತಲೀಕರಿಸಿದ ಸೀಗಡಿಯಿಂದ ಹರಡಬಲ್ಲದು. ಇದು ಮೇಲೆ ತಿಳಿಸಿದ ಮೀನಿನ ಬಿಳಿ ಚುಕ್ಕೆ ರೋಗಕ್ಕಿಂತ ಬೇರೆಯದು.

ಮಾಸಿಕ ಬಳಕೆಯ ಅಂದಾಜು (100 ಲೀಟರ್ ತೊಟ್ಟಿ): ಬದಲಾವಣೆಗೆ 40 ಲೀಟರ್, ಆವಿಯಾದುದಕ್ಕೆ 30ರಿಂದ 60 ಲೀಟರ್, ಒಟ್ಟು 70ರಿಂದ 100 ಲೀಟರ್ ಆರ್.ಒ. ನೀರು ಮತ್ತು ಸುಮಾರು 1.5 ಕಿ.ಗ್ರಾಂ. ಉಪ್ಪು. ಆರ್.ಒ. ಯಂತ್ರವು ಒಂದು ಲೀಟರ್ ಶುದ್ಧ ನೀರಿಗೆ 2ರಿಂದ 3 ಲೀಟರ್ ಹೊರಬಿಡುವುದಾದರೆ 140ರಿಂದ 300 ಲೀಟರ್ ನೀರು ವ್ಯರ್ಥವಾಗುತ್ತದೆ. ನೀರಿನ ಅಭಾವವಿರುವ ಬೇಸಿಗೆಯಲ್ಲಿ ಇದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬೇಕು. ಈ ಮಾಸಿಕ ಹೊರೆಯನ್ನು ಭರಿಸಲು ಸಾಧ್ಯವೇ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಉಚಿತ.

10. ಬೇಸಿಗೆ ಮತ್ತು ವಿದ್ಯುತ್ ಕಡಿತ

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಉಷ್ಣಾಂಶ 28 ಡಿಗ್ರಿ ದಾಟಿದರೆ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಗಾಳಿ ಬೀಸುವಂತೆ ಮಾಡಿದಲ್ಲಿ 2–3 ಡಿಗ್ರಿ ಇಳಿಯುತ್ತದೆ. ಆಗ ಆವಿಯಾಗುವಿಕೆಯೂ ಹೆಚ್ಚುವುದರಿಂದ ದಿನಕ್ಕೆರಡು ಬಾರಿ ನೀರು ಸೇರಿಸಬೇಕಾಗಬಹುದು. ತುರ್ತು ಸಂದರ್ಭದಲ್ಲಿ ಬಿಗಿಯಾಗಿ ಮುಚ್ಚಿದ ಮಂಜುಗಡ್ಡೆಯ ಬಾಟಲಿಯನ್ನು ತೇಲಿಬಿಡಬಹುದು.

ವಿದ್ಯುತ್ ನಿಂತಾಗ ಮೊದಲ ಅಗತ್ಯ ಗಾಳಿ. ಬ್ಯಾಟರಿಯ ಗಾಳಿ ಪಂಪ್ ಸಿದ್ಧವಿರಲಿ ಅಥವಾ ಮನೆಯ ಯು.ಪಿ.ಎಸ್. ಗೆ ಒಂದು ಪಂಪನ್ನು ಜೋಡಿಸಿರಲಿ. ವಿದ್ಯುತ್ ಇಲ್ಲದ ಅವಧಿಯಲ್ಲಿ ಆಹಾರ ಹಾಕಬಾರದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಅಕ್ವೇರಿಯಂ ಸಂಪರ್ಕಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅಳವಡಿಸತಕ್ಕದ್ದು. ತೊಟ್ಟಿಗೆ ಕೈಹಾಕುವ ಮುನ್ನ ವಿದ್ಯುತ್ ಸಂಪರ್ಕ ತೆಗೆಯಬೇಕು.

11. ಕಾನೂನು ಮತ್ತು ಕೆರೆಗಳ ರಕ್ಷಣೆ

– ಹವಳ, ಸಮುದ್ರ ಬೀಸಣಿಗೆ ಮತ್ತು ಕಡಲ ಕುದುರೆಗಳು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿ ಸಂರಕ್ಷಿತ ಜೀವಿಗಳು. ನಮ್ಮ ಕಡಲಿನಿಂದ ತೆಗೆದ ಇವುಗಳನ್ನು ಕೊಳ್ಳುವುದು, ಇಟ್ಟುಕೊಳ್ಳುವುದು ಅಪರಾಧ. ಹವಳದ ದಿಬ್ಬದಿಂದ ಕಿತ್ತ ಕಲ್ಲಿನ ಬದಲಿಗೆ ಸೆರಾಮಿಕ್ ಕಲ್ಲುಗಳನ್ನು ಬಳಸಬೇಕು.
– ಸಾಧ್ಯವಾದಷ್ಟು ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಜೀವಿಗಳನ್ನೇ ಕೇಳಿ ಪಡೆಯಬೇಕು. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳ ಸಂತಾನೋತ್ಪತ್ತಿ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಮಹಿಳೆಯರಿಗೆ ಅಲಂಕಾರಿಕ ಸಮುದ್ರ ಸೀಗಡಿ ಸಾಕಣೆಯ ತರಬೇತಿ ನೀಡಿದೆ.
– ಬೇಡವಾದ ಮೀನು, ಸೀಗಡಿ, ಬಸವನಹುಳು ಹಾಗೂ ತೊಟ್ಟಿಯ ನೀರನ್ನು ತುಮಕೂರು ಅಮಾನಿಕೆರೆ, ಗುಬ್ಬಿ ಕೆರೆ, ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯ ಅಥವಾ ಯಾವುದೇ ಕೆರೆ ಕಾಲುವೆಗೆ ಬಿಡಬಾರದು. ಸಮುದ್ರ ಸೀಗಡಿ ಕೆರೆಯಲ್ಲಿ ಬದುಕುವುದಿಲ್ಲ; ಆದರೆ ಅದು ಹೊತ್ತ ಬಿಳಿ ಚುಕ್ಕೆ ವೈರಾಣು ಸಿಹಿನೀರಿನ ಸೀಗಡಿ, ಏಡಿಗಳಿಗೂ ತಗಲಬಲ್ಲದು. ಕೆರೆಗಳ ಮೀನುಗಾರಿಕೆಯನ್ನು ನಂಬಿದ ಕುಟುಂಬಗಳಿಗೆ ಇದರಿಂದ ಹಾನಿಯಾಗುತ್ತದೆ. ಸತ್ತ ಜೀವಿಗಳನ್ನು ಮಣ್ಣಿನಲ್ಲಿ ಹೂಳಬೇಕು.
– ಪ್ರತಿ 10 ಲೀಟರ್ ಹಳೆಯ ನೀರಿನಲ್ಲಿ ಸುಮಾರು 350 ಗ್ರಾಂ ಉಪ್ಪಿರುತ್ತದೆ. ಗಿಡಗಳ ಬುಡಕ್ಕೆ, ತೋಟಕ್ಕೆ ಹಾಕದೆ ಶೌಚಾಲಯದ ಮೂಲಕ ಒಳಚರಂಡಿಗೆ ಬಿಡಬೇಕು.

12. ಸಹಾಯಧನದ ಬಗ್ಗೆ

ಮನೆಯಲ್ಲಿ ಹವ್ಯಾಸಕ್ಕಾಗಿ ಇಡುವ ತೊಟ್ಟಿಗೆ ಸಹಾಯಧನವಿರುವುದಿಲ್ಲ. ಜೀವನೋಪಾಯಕ್ಕಾಗಿ ಅಲಂಕಾರಿಕ ಮೀನು ಸಾಕಣೆ ಕೈಗೊಳ್ಳುವವರಿಗೆ, 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಹಿತ್ತಿಲ ಘಟಕಕ್ಕೆ (ಸಿಹಿನೀರು ಮತ್ತು ಸಮುದ್ರ ನೀರು ಎರಡಕ್ಕೂ) 3 ಲಕ್ಷ ರೂ. ಘಟಕ ವೆಚ್ಚ ನಿಗದಿಪಡಿಸಲಾಗಿತ್ತು. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60. ಆಯಾ ವರ್ಷ ಲಭ್ಯವಿರುವ ಯೋಜನೆ, ಗುರಿ, ಅನುದಾನ ಮತ್ತು ಅಗತ್ಯ ದಾಖಲೆಗಳನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ದೃಢಪಡಿಸಿಕೊಂಡ ನಂತರವೇ ವೆಚ್ಚ ಮಾಡತಕ್ಕದ್ದು.

13. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ತೊಟ್ಟಿಯ ತಳದಲ್ಲಿ ಸೀಗಡಿ ಸತ್ತು ಬಿದ್ದಂತಿದೆ. ಏನು ಮಾಡಬೇಕು?
ಉತ್ತರ: ಅದು ಕಳಚಿದ ಚಿಪ್ಪು ಆಗಿರಬಹುದು. ಸೀಗಡಿ ಬೆಳೆಯಲು ಆಗಾಗ್ಗೆ ಚಿಪ್ಪನ್ನು ಕಳಚುತ್ತದೆ. ಒಳಗೆ ಟೊಳ್ಳಾಗಿದ್ದು ಪಾರದರ್ಶಕವಾಗಿದ್ದರೆ ಅದು ಚಿಪ್ಪು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಸೀಗಡಿ ಕಲ್ಲಿನ ಮರೆಯಲ್ಲಿ ಅಡಗಿರುತ್ತದೆ. ಕಲ್ಲುಗಳನ್ನು ಎತ್ತಿ ಹುಡುಕಬಾರದು.

ಪ್ರಶ್ನೆ: ಚಿಪ್ಪು ಕಳಚುವಾಗಲೇ ಸೀಗಡಿ ಸಾಯುತ್ತಿದೆ. ಕಾರಣವೇನು?
ಉತ್ತರ: ಲವಣಾಂಶದ ಹಠಾತ್ ಬದಲಾವಣೆ ಅಥವಾ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೊರತೆ ಇರಬಹುದು. ಅಳೆದು ನೋಡಬೇಕು. ಪರೀಕ್ಷಿಸದೆ ಅಯೋಡಿನ್ ಮುಂತಾದ ದ್ರಾವಣಗಳನ್ನು ಹಾಕಬಾರದು. ನಿಯಮಿತ ನೀರು ಬದಲಾವಣೆಯಿಂದ ಈ ಅಂಶಗಳು ದೊರೆಯುತ್ತವೆ.

ಪ್ರಶ್ನೆ: ಯಾವ ಮೀನುಗಳೊಂದಿಗೆ ಇಡಬಾರದು?
ಉತ್ತರ: ಟ್ರಿಗರ್, ಲಯನ್, ಹಾಕ್ ಮೀನುಗಳು ಸೀಗಡಿಯನ್ನು ತಿನ್ನುತ್ತವೆ. 100 ಲೀಟರ್ ತೊಟ್ಟಿಗೆ ಎರಡು ಕ್ಲೀನರ್ ಸೀಗಡಿ ಮತ್ತು ಎರಡು ಕ್ಲೌನ್ ಮೀನು ಸಾಕು.

ಪ್ರಶ್ನೆ: ಇಷ್ಟು ನಿರ್ವಹಣೆ ಸಾಧ್ಯವಿಲ್ಲದವರು ಏನು ಮಾಡಬಹುದು?
ಉತ್ತರ: ಸಿಹಿನೀರಿನ ಅಲಂಕಾರಿಕ ಸೀಗಡಿ ಸಾಕಬಹುದು. ಉಪ್ಪು ಮತ್ತು ಲವಣಾಂಶದ ಅಳತೆಯ ಅಗತ್ಯವಿರುವುದಿಲ್ಲ. ಆದರೆ ತಾಮ್ರ, ಕ್ಲೋರಿನ್, ಕೀಟನಾಶಕಗಳ ಎಚ್ಚರಿಕೆ ಅವಕ್ಕೂ ಅನ್ವಯಿಸುತ್ತದೆ. ಅವನ್ನೂ ಕೆರೆಗೆ ಬಿಡಬಾರದು.

ಹೆಚ್ಚಿನ ಮಾಹಿತಿಗಾಗಿ ತುಮಕೂರು ಜಿಲ್ಲಾ ಮೀನುಗಾರಿಕೆ ಕಚೇರಿ ಅಥವಾ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಸಮಸ್ಯೆ ತಿಳಿಸುವಾಗ ತೊಟ್ಟಿಯ ಅಳತೆ, ಲವಣಾಂಶ, ಉಷ್ಣಾಂಶ ಮತ್ತು ಅಮೋನಿಯಾ ಪರೀಕ್ಷೆಯ ಫಲಿತಾಂಶಗಳನ್ನು ಬರೆದು ತರಲು ಕೋರಲಾಗಿದೆ.